ನಂಜನಗೂಡಿನಿಂದ ಬಂದ ಅಳತೆ

ಇಂಥ ಅನುಭವಗಳನ್ನು ಹೇಳಿಕೊಳ್ಳುವವರ ಬಗ್ಗೆ ನನಗೆ ಮೊದಲಿನಿಂದಲೂ ತಾತ್ಸಾರ. ಯಾರಾದರೂ ದೆವ್ವದ ಸುದ್ದಿ, ಶಕುನದ ಸುದ್ದಿ ತೆಗೆದರೆ ಚಪ್ಪಲಿ ಹುಡುಕಿಕೊಂಡು ಎದ್ದುಬಿಡುತ್ತಿದ್ದೆ. ನನ್ನ ಕಸುಬೇ ಅಳತೆಯದು. ನೀರು ಕಲ್ಲಿನ ಮೇಲೆ ಎಲ್ಲಿಯವರೆಗೆ ಬಂದಿದೆಯೋ ಅಲ್ಲಿಯವರೆಗೆ ಬಂದಿದೆ, ಅಷ್ಟೇ. ಅದರಲ್ಲಿ ನಂಬುವುದು ಬಿಡುವುದು ಏನೂ ಇರುವುದಿಲ್ಲ. ಈಗ ನನಗೇ ಆದದ್ದನ್ನು ಬರೆಯಲು ಕೂತಿದ್ದೇನೆ. ನೀವು ನಂಬದಿದ್ದರೆ ನನಗೆ ಬೇಸರವಿಲ್ಲ. ಆದರೆ ಓದಿ ಮುಗಿಸಿದ ಮೇಲೆ ‘ಎಲ್ಲಾ ದೇವರ ಮಹಿಮೆ’ ಎಂದು ಮಾತ್ರ ಹೇಳಬೇಡಿ. ಆ ಮಾತು ಕೇಳಿ ಕೇಳಿ ಮೈ ಉರಿದುಹೋಗಿದೆ.

ತೊಂಬತ್ತರ ದಶಕದ ನಡುವಿನ ವರ್ಷಗಳಲ್ಲಿ ನಾನು ಟಿ. ನರಸೀಪುರದಲ್ಲಿ ಹೊಳೆಯ ನೀರಿನ ಮಟ್ಟ ನೋಡಿ ಬರೆಯುವ ಕೆಲಸದಲ್ಲಿದ್ದೆ. ಇಲಾಖೆಯ ಹೆಸರು ಬೇಡ. ಕಪಿಲೆ ಹೋಗಿ ಕಾವೇರಿಗೆ ಸೇರುವ ಜಾಗಕ್ಕಿಂತ ಸ್ವಲ್ಪ ಮೇಲೆ, ದಡದಲ್ಲಿ ಒಂದು ಶೀಟಿನ ಕೋಣೆ. ಒಳಗೆ ಮೇಜು, ರಿಜಿಸ್ಟರು, ವೈರ್‌ಲೆಸ್ ಸೆಟ್ಟು. ನಮ್ಮದು ಮೂರು ಜನ ಮೂರು ಊರಲ್ಲಿ ಕೂತು ಮಾಡುವ ಒಂದೇ ಕೆಲಸ. ಮೇಲೆ ಅಣೆಕಟ್ಟೆಯ ಕಚೇರಿಯಲ್ಲಿ ಲಲಿತಮ್ಮ, ನಡುವೆ ನಂಜನಗೂಡಿನಲ್ಲಿ ನಿಂಗರಾಜು, ಕೊನೆಗೆ ನಾನು. ಎಷ್ಟು ನೀರು ಬಿಟ್ಟರು ಎಂದು ಲಲಿತಮ್ಮ ಹೇಳುವರು. ನಂಜನಗೂಡಿನಲ್ಲಿ ಗುಂಡ್ಲು ಹೊಳೆ ಬಂದು ಕಪಿಲೆಗೆ ಸೇರುತ್ತದೆ. ಅದೂ ಸೇರಿದ ಮೇಲೆ ಎಷ್ಟಾಯಿತು ಎಂದು ನಿಂಗರಾಜು ಹೇಳುವನು. ಅಲ್ಲಿ ಏರಿದ ನೀರು ನನ್ನ ಹತ್ತಿರ ಬರಲು ನಾಲ್ಕೈದು ಗಂಟೆ ಬೇಕು. ಹೊಳೆಯೊಳಗೆ ಇರುವವರನ್ನು ದಡಕ್ಕೆ ಹತ್ತಿಸಲು ನನಗಿದ್ದ ಅವಕಾಶವೆಂದರೆ ಆ ನಾಲ್ಕೈದು ಗಂಟೆ. ನಿಂಗರಾಜು ಹೇಳದಿದ್ದರೆ ಅದೂ ಇಲ್ಲ.

ನಾಲ್ಕು ವರ್ಷ ಹೀಗೆ ಕೆಲಸ ಮಾಡಿದೆವು. ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಆದರೂ ಲಲಿತಮ್ಮನಿಗೆ ಶೀತವಾಗಿದ್ದರೆ ಅವರು ಬಾಯಿ ತೆರೆದ ಕೂಡಲೇ ಗೊತ್ತಾಗುತ್ತಿತ್ತು. ನಿಂಗರಾಜು ದೇವನೂರಿನವನು, ಬೆಳಗಿನ ಮೊದಲ ಬಸ್ಸಿಗೆ ಬರುತ್ತಿದ್ದ. ಅವನು ಮಾತಾಡುವಾಗ ಹಿಂದಿನಿಂದ ಯಾವಾಗಲೂ ಬಸ್ಸಿನ ಹಾರ್ನು ಕೇಳುತ್ತಿತ್ತು. ನನಗೆ ಖಾಯಂ ನೌಕರಿ, ಅವನಿಗೆ ದಿನಗೂಲಿ. ನನ್ನನ್ನು ‘ಸಾ’ ಎನ್ನುತ್ತಿದ್ದ, ನಾನು ಹೆಸರು ಹಿಡಿದು ಕೂಗುತ್ತಿದ್ದೆ. ನನಗಿಂತ ಚಿಕ್ಕವನು ಎಂದೇ ತಿಳಿದಿದ್ದೆ.

ಹೀಗೆ ದೂರ ದೂರ ಕೂತು ಸೇರಿ ಕೆಲಸ ಮಾಡುವುದು ಹೇಗೆ ಎಂದು ನಮಗೆ ಯಾರೂ ಕಲಿಸಲಿಲ್ಲ. ತಪ್ಪು ಮಾಡಿ ಮಾಡಿ ನಾವೇ ಕಲಿತೆವು. ಮೊದಲ ವರ್ಷ ಅವನು ‘ಎಪ್ಪತ್ತು’ ಎಂದದ್ದು ನನಗೆ ‘ಇಪ್ಪತ್ತು’ ಎಂದು ಕೇಳಿಸಿ ಒಬ್ಬರ ಎರಡು ಎಮ್ಮೆ ಕೊಚ್ಚಿಕೊಂಡು ಹೋದವು. ಅವತ್ತಿನಿಂದ ಅಂಕಿಗಳನ್ನು ಒಂದೊಂದಾಗಿ ಬಿಡಿಸಿ ಎರಡು ಸಲ ಹೇಳುವುದೆಂದು ಮಾಡಿಕೊಂಡೆವು. ಕೇಳಿದವರು ತಿರುಗಿ ಹೇಳಬೇಕು. ಹೇಳಿದವರು ‘ಸರಿ’ ಅನ್ನಬೇಕು. ಆಮೇಲೆಯೇ ರಿಜಿಸ್ಟರಿಗೆ ಪೆನ್ನು ಇಡುವುದು. ಕುರ್ಚಿ ಬಿಟ್ಟು ಎದ್ದರೆ ಎದ್ದೆ ಎಂದು ಹೇಳಿ ಏಳಬೇಕು. ಇನ್ನೊಂದು ಮಾತು ನಿಂಗರಾಜು ಸೇರಿಸಿದ್ದು: ಕೇಳಿದ್ದನ್ನು ಕೇಳಿದಂತೆಯೇ ಬರೆಯಬೇಕು, ಊಹೆ ಮಾಡಿ ಬರೆಯಬಾರದು. ಈ ಕಟ್ಟುಪಾಡು ಮಾಡಿಕೊಂಡ ಮೇಲೆ ಎರಡು ಮಳೆಗಾಲ ಕಳೆದವು. ನಮ್ಮ ಪಾಳಿಯಲ್ಲಿ ಒಂದು ಕರುವೂ ಸಾಯಲಿಲ್ಲ.

ನಾಲ್ಕನೆಯ ಮಳೆಗಾಲದ ಒಂದು ಬೆಳಿಗ್ಗೆ. ನರಸೀಪುರದಲ್ಲಿ ಬಿಸಿಲಿತ್ತು. ಮೇಲೆ ಗುಂಡ್ಲುಪೇಟೆ ಕಡೆ ಹಿಂದಿನ ರಾತ್ರಿ ಮಳೆ ಹೊಯ್ದದ್ದು ನಮಗೆ ಗೊತ್ತಿರಲಿಲ್ಲ. ಅಣೆಕಟ್ಟೆಯಿಂದ ಹೆಚ್ಚು ನೀರು ಬಿಟ್ಟಿಲ್ಲ ಎಂದು ಲಲಿತಮ್ಮ ಹೇಳಿದ್ದರು. ಎಂಟು ಗಂಟೆಗೆ ನಿಂಗರಾಜು ಕೊಟ್ಟ ಅಳತೆ ಮೂರು ಮೀಟರಿನ ಮೇಲೆ ಸ್ವಲ್ಪ. ಒಂಬತ್ತಕ್ಕೆ ಅವನು ಬರಲಿಲ್ಲ. ಕೂಗಿದೆ, ಉತ್ತರವಿಲ್ಲ. ಹತ್ತಕ್ಕೂ ಇಲ್ಲ. ಲಲಿತಮ್ಮನೂ ಕೂಗಿದರು. ಟೆಲಿಫೋನು ಸತ್ತಿತ್ತು. ಹೇಳದೆ ಕುರ್ಚಿ ಬಿಡುವವನಲ್ಲ ನಿಂಗರಾಜು. ನನಗೆ ಅವನ ಮೇಲೆ ಸಿಟ್ಟು ಬಂತು.

ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಸೆಟ್ಟಿನಲ್ಲಿ ಅವನ ದನಿ ಬಂತು.

“ನರಸೀಪುರ, ನಂಜನಗೂಡು. ಆರು, ಎಂಟು, ಮೂರು. ಆರು, ಎಂಟು, ಮೂರು. ಜನ ಇದ್ರೆ ಎಬ್ಬುಸ್ಬುಡಿ ಸಾ.”

ನಾನು ತಿರುಗಿ ಹೇಳಿದೆ. ಅವನು ‘ಸರಿ’ ಎಂದ. ಅಷ್ಟೇ. ದನಿಯಲ್ಲಿ ಗಾಬರಿ ಇರಲಿಲ್ಲ. ದಿನಾ ಹೇಳುವಂತೆ ಸಾವಕಾಶವಾಗಿ ಹೇಳಿದ್ದ. ಹಿಂದೆ ಬಸ್ಸಿನ ಹಾರ್ನು ಇರಲಿಲ್ಲ ಎಂಬುದು ನನಗೆ ಹೊಳೆದದ್ದು ಎಷ್ಟೋ ದಿನಗಳ ಮೇಲೆ. ಆರು ಮೀಟರು ಎಂಬತ್ತಮೂರು ಸೆಂಟಿಮೀಟರು, ಮೂರು ಗಂಟೆಯಲ್ಲಿ ಮೂರೂವರೆ ಮೀಟರು ಏರಿದೆ ಎಂದರೆ ಏನು ಅರ್ಥ ಎಂದು ಯೋಚಿಸುತ್ತಾ ಕೂರಲಿಲ್ಲ. ರಿಜಿಸ್ಟರಿಗೆ ಬರೆದೆ, ಸಮಯ ಹಾಕಿದೆ, ಓಡಿದೆ.

ಸಂಗಮದ ನಡುವೆ ಒಂದು ಮರಳು ದಿಬ್ಬ ಎದ್ದಿತ್ತು. ಅವತ್ತು ಮೈಸೂರಿನ ಕಡೆಯ ಒಂದು ಕುಟುಂಬದವರು ಮನೆಯ ಹಿರಿಯರ ಅಸ್ಥಿ ಬಿಡಲು ಬಂದು ಅಲ್ಲಿ ಕೂತಿದ್ದರು. ಹೆಂಗಸರು ಮಕ್ಕಳು ಸೇರಿ ಇಪ್ಪತ್ತು ಜನ ಆಗಬಹುದು. ತೆಪ್ಪದವರಿಬ್ಬರು ಅವರನ್ನು ಅಲ್ಲಿ ಬಿಟ್ಟು ಇತ್ತ ದಡದಲ್ಲಿ ಬೀಡಿ ಸೇದುತ್ತಿದ್ದರು. ನೀರು ಬರುತ್ತಿದೆ, ಎಲ್ಲರನ್ನೂ ಕರೆತನ್ನಿ ಎಂದೆ. ಅವರು ಆಕಾಶ ನೋಡಿದರು, ನನ್ನನ್ನು ನೋಡಿದರು. ಹಿರಿಯ ತೆಪ್ಪದವನು ಎರಡನೆಯ ಮಾತಿಗೆ ಎದ್ದ. ಆ ಕುಟುಂಬದ ಯಜಮಾನರು ಮಾತ್ರ ಕ್ರಿಯೆ ಅರ್ಧಕ್ಕೆ ನಿಲ್ಲಿಸಿ ಏಳುವುದಿಲ್ಲ ಎಂದು ಹಟ ಹಿಡಿದರು. ನಾನೂ ತೆಪ್ಪದಲ್ಲಿ ಹೋಗಿ ಅವರ ಮುಂದೆ ನಿಂತೆ. ನೀವು ಏಳುವ ತನಕ ನಾನೂ ಇಲ್ಲೇ ಇರುತ್ತೇನೆ ಎಂದೆ. ಶಪಿಸುತ್ತಾ ಎದ್ದರು. ಒಂದು ಗಂಟೆಯ ಹೊತ್ತಿಗೆ ಎಲ್ಲರೂ ದಡದಲ್ಲಿದ್ದರು. ಮೂರೂವರೆಗೆ ಅಲ್ಲಿ ದಿಬ್ಬವೇ ಇರಲಿಲ್ಲ. ಕೆಂಪು ನೀರು ಮರದ ದಿಮ್ಮಿಗಳನ್ನು ಉರುಳಿಸಿಕೊಂಡು ಹೋಗುತ್ತಿತ್ತು. ಶಪಿಸಿದ ಯಜಮಾನರು ಮೆಟ್ಟಿಲ ಮೇಲೆ ಕೂತು ಅದನ್ನೇ ನೋಡುತ್ತಿದ್ದರು. ನನ್ನ ಕಡೆ ಒಂದು ಸಲವೂ ತಿರುಗಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ನಂಜನಗೂಡು ಸೆಟ್ಟಿಗೆ ಬಂತು. ನಾನು ತುಂಬಾ ಖುಷಿಯಲ್ಲಿದ್ದೆ. ನೆನ್ನೆ ನಿನ್ನಿಂದ ಇಪ್ಪತ್ತು ಜೀವ ಉಳಿದವು ನಿಂಗರಾಜು ಎಂದೆ.

“ಯಾವ್ ಮೆಸೇಜು ಸಾ?” ಎಂದ.

ಹನ್ನೊಂದು ಹತ್ತರದು, ಆರು ಎಂಟು ಮೂರು ಎಂದೆ. ಆಮೇಲೆ ಒಂದೊಂದೇ ಮಾತಾಗಿ ಹೇಳಿದ. ಎಂಟರ ಅಳತೆ ಕೊಟ್ಟ ಕೂಡಲೇ ನಮ್ಮ ಮೇಲಧಿಕಾರಿ ಸಾಹೇಬರ ಜೀಪು ಬಂದು ಸೆಟ್ಟನ್ನು ಎತ್ತಿಕೊಂಡು ಹೋಗಿತ್ತು. ತಾಂಡವಪುರದ ಹತ್ತಿರ ಬೆಂಗಳೂರಿನ ದೊಡ್ಡ ಅಧಿಕಾರಿಗಳ ತಪಾಸಣೆ ಇತ್ತು. ಸಾಹೇಬರ ಜೀಪಿನ ಸೆಟ್ಟು ಕೆಟ್ಟಿತ್ತು, ದೊಡ್ಡವರ ಮುಂದೆ ಜೀಪು ಬರಿದಾಗಿ ಕಾಣಬಾರದು ಎಂದು ಇವನದನ್ನು ಒಯ್ದಿದ್ದರು. ವಾಪಸು ತಂದುಕೊಟ್ಟದ್ದು ಸಂಜೆ. ಹನ್ನೊಂದಕ್ಕೆ ಹೊಳೆಗೆ ಹೋಗಿ ಅಳತೆ ನೋಡಿದ್ದು ನಿಜ, ರಿಜಿಸ್ಟರಿಗೆ ಬರೆದದ್ದು ನಿಜ. ಆರು ಎಂಟು ಮೂರು ಎಂದೇ ಬರೆದಿದ್ದ. ಹೇಳಲು ದಾರಿಯಿರಲಿಲ್ಲ. ಫೋನು ಸತ್ತಿತ್ತು. ಬಸ್ಸು ಹತ್ತಿ ನರಸೀಪುರಕ್ಕೇ ಬಂದು ಹೇಳೋಣವೆಂದು ನಿಲ್ದಾಣಕ್ಕೆ ಓಡಿದರೆ ರಸ್ತೆಯ ಮೇಲೆ ನೀರು ಹರಿದು ಬಸ್ಸುಗಳು ನಿಂತಿದ್ದವು.

ಆಗ ಲಲಿತಮ್ಮ ನಡುವೆ ಬಂದರು. ಸೆಟ್ಟಿನ ಮಾತು ಮೂವರಿಗೂ ಕೇಳುತ್ತದೆ.

“ನೆನ್ನೆ ಹನ್ನೊಂದು ಹತ್ತಕ್ಕೆ ನಾನು ಸೆಟ್ಟಿನ ಮುಂದೇನೇ ಇದ್ದೆ,” ಎಂದರು. “ನರಸೀಪುರದವರು ಅಂಕಿ ತಿರುಗಿ ಹೇಳಿದ್ದು ಕೇಳಿಸ್ತು. ನಂಜನಗೂಡಿನಿಂದ ಏನೂ ಬರಲಿಲ್ಲ. ನೀವು ಯಾರ ಹತ್ರ ಮಾತಾಡ್ತಿದೀರಿ ಅಂತ ನಾನು ಯೋಚನೆ ಮಾಡಿದೆ.”

ನಾಲ್ಕು ವರ್ಷದಲ್ಲಿ ಮೊದಲ ಸಲ ಸೆಟ್ಟು ಬರೀ ಕರಕರ ಅನ್ನುತ್ತಿತ್ತು.

ವಿಚಿತ್ರ ಇಲ್ಲಿಗೆ ಮುಗಿಯಿತು. ಇನ್ನು ಮುಂದಿನದು ಬರೀ ಮನುಷ್ಯರು ಮಾಡಿದ್ದು. ನನ್ನ ಕೋಪ ಇರುವುದು ಅದರ ಮೇಲೆಯೇ.

ನಿಂಗರಾಜು ಮಾರನೆಯ ಬೆಳಿಗ್ಗೆ ನನ್ನೊಡನೆ ಮಾತಾಡುವ ಮೊದಲೇ, ಹಿಂದಿನ ಸಂಜೆಯೇ, ಮೇಲಿನವರಿಗೆ ಅರ್ಜಿ ಹಾಕಿದ್ದ. ಮಳೆಗಾಲದಲ್ಲಿ ಸೆಟ್ಟು ತೆಗೆದುಕೊಂಡು ಹೋದರೆ ಕೆಳಗಿನ ಊರಿನ ಜನ ಸಾಯುತ್ತಾರೆ, ಹೀಗೆ ಮಾಡಬಾರದು ಎಂದು ಒಂದು ಹಾಳೆ. ಎಸ್ಸೆಸ್ಸೆಲ್ಸಿ ಓದಿದ ದಿನಗೂಲಿ ನೌಕರ ಬರೆದದ್ದು. ಅದರಲ್ಲಿ ಸುಳ್ಳೂ ಇರಲಿಲ್ಲ, ಬೈಗುಳವೂ ಇರಲಿಲ್ಲ. ಹತ್ತು ದಿನಕ್ಕೆ ವಿಚಾರಣೆ ಬಂತು, ನಂಜನಗೂಡಿನ ಕಚೇರಿಯಲ್ಲಿ. ಸಾಹೇಬರು ತಾವು ಸೆಟ್ಟು ಮುಟ್ಟಿಯೇ ಇಲ್ಲ ಎಂದರು. ಅದಕ್ಕೆ ಅವರು ತೋರಿಸಿದ ಸಾಕ್ಷಿ ಏನು ಗೊತ್ತೆ? ನನ್ನ ರಿಜಿಸ್ಟರು. ಸೆಟ್ಟು ಇಲ್ಲದಿದ್ದರೆ ಹನ್ನೊಂದು ಹತ್ತಕ್ಕೆ ನಂಜನಗೂಡಿನಿಂದ ಮಾತು ಹೇಗೆ ಬಂತು?

ಅವತ್ತೇ ನಾನು ನಿಂಗರಾಜುವನ್ನು ಕಣ್ಣಾರೆ ಕಂಡದ್ದು. ಕಚೇರಿಯ ಜಗಲಿಯಲ್ಲಿ ಒಗೆದು ಮಡಿಸಿದ ಬಿಳಿ ಅಂಗಿ ತೊಟ್ಟ ಒಬ್ಬರು ನಿಂತಿದ್ದರು. ತಲೆ ಪೂರಾ ನರೆತಿತ್ತು. ನನಗಿಂತ ಹತ್ತು ಹನ್ನೆರಡು ವರ್ಷಕ್ಕೆ ದೊಡ್ಡವರು. ನಾಲ್ಕು ವರ್ಷ ನಾನು ಏಕವಚನದಲ್ಲಿ ಕೂಗಿದ್ದು ಇವರನ್ನು. ನಾಚಿಕೆಯಾಗಿ ಕೈ ಮುಗಿದೆ. ಅವರೂ ಮುಗಿದರು. ದನಿ ಮಾತ್ರ ಅದೇ.

ರಿಜಿಸ್ಟರಿನ ಆ ಸಾಲು ಊಹೆಯಿಂದ ಬರೆದದ್ದು ಎಂದು ಹೇಳಿಬಿಡುತ್ತೇನೆ, ನಿಮ್ಮ ಅರ್ಜಿ ನಿಲ್ಲುತ್ತದೆ ಎಂದೆ. ಹಾಗೆ ಹೇಳಿದರೆ ನನ್ನ ಮೇಲೆ ಕ್ರಮ ಆಗುತ್ತಿತ್ತು, ಆಗಲಿ ಎಂದುಕೊಂಡೇ ಬಂದಿದ್ದೆ. ಅವರು ತಿರುಗಿ ನನ್ನನ್ನೇ ಕೇಳಿದರು.

“ನಿಮ್ಗೆ ಕೇಳುಸ್ತಾ, ಇಲ್ವಾ ಸಾ?”

“ಕೇಳಿಸ್ತು.”

“ಮತ್ತೆ ಕೇಳುಸ್ತು ಅಂತ್ಲೇ ಏಳಿ. ಸುಳ್ಳು ಬರ್ದಿವ್ನಿ ಅಂತ ಏಳ್ಬುಟ್ರೆ ನಾಳೀಕೆ ನಿಮ್ ರಿಜಿಸ್ಟರ್ ಯಾರ್ ನಂಬಾರು? ಒಳೆ ಒಂದ್ಸಲ ಬಂದು ಸುಮ್ಕಾದದಾ?”

ಜೀಪಿನ ಡ್ರೈವರು ಅಲ್ಲೇ ಕಂಬಕ್ಕೆ ಒರಗಿ ನಿಂತಿದ್ದ. ನಾನು ಅವನ ಬಳಿ ಹೋಗಿ ಕೇಳಿದೆ. ಸೆಟ್ಟು ಅವತ್ತು ದಿನವಿಡೀ ತಾಂಡವಪುರದಲ್ಲಿ ಜೀಪಿನೊಳಗೇ ಇತ್ತು, ಒಂಬತ್ತು ಗಂಟೆಗೇ ಅದರ ಬ್ಯಾಟರಿ ಇಳಿದುಹೋಗಿತ್ತು, ಆನ್ ಮಾಡಿದರೂ ಆಗುತ್ತಿರಲಿಲ್ಲ ಎಂದು ಪಿಸುಗುಟ್ಟಿದ. ಒಳಗೆ ಬಂದು ಹೇಳು ಎಂದರೆ ತಲೆ ಅಲ್ಲಾಡಿಸಿಬಿಟ್ಟ. ಅವನ ಮೇಲೆ ನನಗೆ ಕೋಪವಿಲ್ಲ. ಅವನಿಗೂ ಹೆಂಡತಿ ಮಕ್ಕಳಿದ್ದರು.

ವಿಚಾರಣೆ ನಡೆಸಿದ ಅಧಿಕಾರಿ ಹನ್ನೊಂದು ಹತ್ತಕ್ಕೆ ಮೆಸೇಜು ಕೇಳಿದ್ದು ನಿಜವೇ ಎಂದರು. ನಿಜ ಎಂದೆ. ಅಂದಮೇಲೆ ಸೆಟ್ಟು ನಂಜನಗೂಡಿನಲ್ಲೇ ಇತ್ತು ಎಂದರು. ಇರಲಿಲ್ಲ ಎಂದೆ. ಅವರು ಪೆನ್ನು ಕೆಳಗಿಟ್ಟರು.

“ಎರಡರಲ್ಲಿ ಒಂದು ಹೇಳಿ. ಎರಡೂ ಬರ್ಕೊಳ್ಳೋಕೆ ನನ್ನ ಫಾರಂನಲ್ಲಿ ಜಾಗ ಇಲ್ಲ.”

ಎರಡೂ ನಿಜ ಸಾರ್ ಎಂದೆ. ಅವರು ಮೊದಲನೆಯದನ್ನು ಮಾತ್ರ ಬರೆದುಕೊಂಡರು. ಲಲಿತಮ್ಮ ತಮಗೆ ಒಂದು ಕಡೆಯ ಮಾತಷ್ಟೇ ಕೇಳಿಸಿತು ಎಂದು ಕಾಗದ ಬರೆದು ಕಳಿಸಿದ್ದರು. ಅದನ್ನು ಹವೆಯ ದೋಷ ಎಂದು ಪಕ್ಕಕ್ಕಿಟ್ಟರು. ನನ್ನ ಸಹಿ ಹಾಕಿಸಿಕೊಂಡರು. ಸಹಿ ಹಾಕಿದೆ. ಬರೆದಷ್ಟು ನಿಜವೇ ಆಗಿತ್ತು. ಬರೆಯದೆ ಬಿಟ್ಟದ್ದಕ್ಕೆ ಸಹಿ ಹಾಕಲು ಜಾಗವಿರಲಿಲ್ಲ.

ಒಂದು ತಿಂಗಳಿಗೆ ಆದೇಶ ಬಂತು. ಮೇಲಧಿಕಾರಿಯ ಮೇಲೆ ಸುಳ್ಳು ಆರೋಪ ಮಾಡಿದ್ದಕ್ಕಾಗಿ ನಿಂಗರಾಜು ಅವರನ್ನು ಕೆಲಸದಿಂದ ತೆಗೆದಿದ್ದರು. ಅದೇ ಟಪಾಲಿನಲ್ಲಿ ನನಗೊಂದು ಪ್ರಶಂಸಾ ಪತ್ರ. ಸಮಯಪ್ರಜ್ಞೆಯಿಂದ ಪ್ರಾಣ ಉಳಿಸಿದ್ದಕ್ಕೆ. ನಾನು ಅದನ್ನು ಹಿಂದಕ್ಕೆ ಕಳಿಸಿದೆ. ವಿಳಾಸ ತಪ್ಪಾಗಿ ಬಂದಿರಬೇಕೆಂದು ಯಾರೋ ಗುಮಾಸ್ತರು ಮತ್ತೆ ನನಗೇ ಕಳಿಸಿದರು.

ಊರಿನಲ್ಲಿ ಸುದ್ದಿ ಹಬ್ಬಿತ್ತು. ಸಿಕ್ಕಸಿಕ್ಕವರೆಲ್ಲ ಕೈ ಮುಗಿದು, ಸಂಗಮದ ಮಹಿಮೆ, ಅಸ್ಥಿ ಬಿಡಲು ಬಂದವರ ಹಿರಿಯರೇ ಬಂದು ಎಚ್ಚರಿಸಿದರು, ಎಂದರು. ಕೆಲಸ ಕಳೆದುಕೊಂಡ ಮನುಷ್ಯನ ಹೆಸರನ್ನು ಒಬ್ಬರೂ ಕೇಳಲಿಲ್ಲ. ನಾನೇ ಹೇಳಿದರೆ ‘ಪಾಪ, ಅವರ ಋಣ ಅಷ್ಟಿತ್ತು’ ಎಂದರು. ಋಣವಂತೆ. ಒಂದು ಸೆಟ್ಟನ್ನು ಮೆರವಣಿಗೆಗೆ ಎತ್ತಿಕೊಂಡು ಹೋದ ಮನುಷ್ಯ ಬಡ್ತಿ ಪಡೆದು ಮೈಸೂರಿಗೆ ಹೋದ. ಅದಕ್ಕೆ ಯಾವ ಹೆಸರು ಕೊಡುತ್ತೀರಿ?

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾದ ಮೇಲೆ ನಮಗೆಲ್ಲ ಕಂಪ್ಯೂಟರು ಬಂತು. ಬೇರೆ ಬೇರೆ ಊರಿನಲ್ಲಿದ್ದುಕೊಂಡು ಒಂದೇ ತಂಡವಾಗಿ ಕೆಲಸ ಮಾಡುವುದು ಹೇಗೆ ಎಂದು ಮೈಸೂರಿನಲ್ಲಿ ಎರಡು ದಿನದ ತರಬೇತಿ ಇಟ್ಟರು. ಪರದೆಯ ಮೇಲೆ ಬಣ್ಣಬಣ್ಣದ ಬಾಣಗಳು. ಸ್ಪಷ್ಟವಾಗಿ ಹೇಳಿ, ಕೇಳಿದ್ದನ್ನು ಖಚಿತಪಡಿಸಿಕೊಳ್ಳಿ, ಪರಸ್ಪರ ನಂಬಿಕೆ ಬೆಳೆಸಿಕೊಳ್ಳಿ. ಕೊನೆಯ ಸಾಲಿನಲ್ಲಿ ಕೂತು ಹಲ್ಲು ಕಚ್ಚಿಕೊಂಡು ಕೇಳಿದೆ. ಎರಡನೆಯ ದಿನ ಮುಖ್ಯ ಅತಿಥಿಯಾಗಿ ಬಂದವರು ನಿವೃತ್ತರಾಗಿದ್ದ ನಮ್ಮ ಅದೇ ಸಾಹೇಬರು. ಉದಾಹರಣೆಗೆ ಎಂದು ಒಂದು ಕಥೆ ಹೇಳಿದರು. ತಮ್ಮ ಕಾಲದಲ್ಲಿ ನಂಜನಗೂಡು ನರಸೀಪುರದ ಸಿಬ್ಬಂದಿಯನ್ನು ಹೇಗೆ ಒಗ್ಗೂಡಿಸಿದ್ದರೆಂದರೆ, ಒಂದು ಪ್ರವಾಹದಲ್ಲಿ ಒಂದೇ ಮೆಸೇಜಿನಿಂದ ಇಪ್ಪತ್ತು ಜನ ಉಳಿದರಂತೆ. ಜನ ಚಪ್ಪಾಳೆ ತಟ್ಟಿದರು.

ನಾನು ಎದ್ದು ನಿಂತೆ.

“ಅವತ್ತು ಸೆಟ್ಟು ನಿಮ್ಮ ಜೀಪಲ್ಲಿತ್ತು ಸಾರ್. ಮೆಸೇಜು ಕೊಡಬೇಕಾಗಿದ್ದವರನ್ನ ನೀವು ಕೆಲಸದಿಂದ ತೆಗೆಸಿದ್ರಿ.”

ಅವರು ನನ್ನನ್ನು ಗುರುತಿಸಿದರು, ಅದು ಅವರ ಕಣ್ಣಿನಲ್ಲೇ ಕಂಡಿತು. ಗುರುತಿಸದವರಂತೆ ನಕ್ಕರು. ಪಕ್ಕದವರು ನನ್ನ ಅಂಗಿ ಹಿಡಿದು ಕೂರಿಸಿದರು. ಯಾರೋ ಚಹಾದ ಹೊತ್ತಾಯಿತು ಎಂದರು. ಎಲ್ಲರೂ ಎದ್ದುಹೋದರು. ನಾನು ಅಲ್ಲಿಂದ ನೇರವಾಗಿ ನಂಜನಗೂಡಿನ ಬಸ್ಸು ಹತ್ತಿದೆ, ಅಲ್ಲಿಂದ ದೇವನೂರಿಗೆ.

ನಿಂಗರಾಜು ಅವರು ಬದನೆ ಗಿಡಕ್ಕೆ ನೀರು ಕಟ್ಟುತ್ತಿದ್ದರು. ಕಣ್ಣು ಮಂಜಾಗಿತ್ತು, ನನ್ನ ಮಾತಿನ ಮೇಲೆ ಗುರುತು ಹಿಡಿದರು. ಬದುವಿನ ಮೇಲೆ ಕೂತು ನಡೆದದ್ದೆಲ್ಲ ಹೇಳಿದೆ. ಎದ್ದು ನಿಂತಿರಾ ಸಾ ಎಂದು ಒಂದು ಸಲ ಕೇಳಿದರು, ಹೌದೆಂದೆ.

ಇಷ್ಟು ವರ್ಷ ನಾನು ನನ್ನಷ್ಟಕ್ಕೆ ಒಂದು ಸಮಾಧಾನ ಮಾಡಿಕೊಂಡಿದ್ದೆ. ಅವತ್ತು ಅವರು ಅಳತೆಗಲ್ಲಿನ ಮುಂದೆ ನಿಂತು ಆ ಅಂಕಿಯನ್ನು ಅಷ್ಟು ಗಟ್ಟಿಯಾಗಿ ನೆನೆದಿರಬೇಕು, ಬಾಯಿಬಿಟ್ಟು ಹೇಳಿಯೂ ಇರಬೇಕು, ಹೇಗೋ ಅದು ನನಗೆ ಮುಟ್ಟಿತು ಎಂದು. ಅದೂ ಹುಚ್ಚು ಮಾತೇ, ಆದರೂ ಹಿಡಿದುಕೊಳ್ಳಲು ಏನಾದರೂ ಬೇಕಲ್ಲ. ಅವತ್ತು ಮೊದಲ ಸಲ ಅವರನ್ನೇ ಕೇಳಿದೆ, ಹನ್ನೊಂದು ಹತ್ತರಲ್ಲಿ ನೀವು ಏನು ಮಾಡುತ್ತಿದ್ದಿರಿ ಎಂದು.

“ನಾಚ್ಕೆ ಆಯ್ತದೆ ಸಾ ಏಳಕ್ಕೆ,” ಎಂದರು. “ಒಳೆ ಸೋಪಾನದ ಮೆಟ್ಲ ಮೇಲೆ ನಿಂತ್ಕಂಡು ನಿಮ್ಮ ದಿಕ್ಕಿಗೆ ಕೂಗ್ತಿದ್ದೆ. ಗಂಟ್ಲು ಅರ್ದೋಗಂಗೆ. ಬರೀ ‘ನರಸೀಪುರ, ನರಸೀಪುರ’ ಅಂತ. ಜನ ನಗ್ತಿದ್ರು.”

“ಅಂಕಿ?”

“ಅಂಕಿ ಕೂಗ್ನಿಲ್ಲ ಸಾ. ಬಾಯ್ಗೇ ಬರ್ನಿಲ್ಲ. ಎಬ್ಬುಸ್ಬುಡಿ ಅಂತಾನೂ ಅನ್ನಿಲ್ಲ.”

ನಾನು ಕೇಳಿದ ದನಿ ಕೂಗುವ ದನಿಯಾಗಿರಲಿಲ್ಲ. ಸಾವಕಾಶವಾಗಿತ್ತು, ಒಂದೊಂದು ಅಂಕಿಯನ್ನೂ ಬಿಡಿಸಿ ಎರಡು ಸಲ ಹೇಳಿತ್ತು, ನಾನು ತಿರುಗಿ ಹೇಳುವವರೆಗೂ ಕಾದಿತ್ತು. ಇದನ್ನು ಅವರಿಗೆ ಹೇಳಿದೆ. ಅವರು ಸಲಿಕೆಯ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತರು. ಅವರ ದನಿಯಲ್ಲಿ ಕೋಪ ಕೇಳಿದ್ದು ಅದೊಂದೇ ಸಲ.

“ನಾನಲ್ಲ ಸಾ ಏಳಿದ್ದು. ಯಾರೋ ಏಳವ್ರೆ, ಒಳ್ಳೇದೇ ಆಯ್ತು, ಜನ ಉಳ್ಕಂಡ್ರು. ಆದ್ರೆ ನನ್ನ ದನೀಲಿ ಯಾಕ್ ಏಳ್ಬೇಕಿತ್ತು? ಅವ್ರ ದನೀಲೇ ಏಳ್ಬೋದಿತ್ತಲ್ಲ.”

ಅವರು ಎದ್ದು ಮುಂದಿನ ಸಾಲಿಗೆ ನೀರು ತಿರುಗಿಸಿದರು. ಕೊನೆಯ ಬಸ್ಸಿಗೆ ಹೊತ್ತಾಗುವವರೆಗೂ ನಾನು ಅಲ್ಲೇ ಕೂತಿದ್ದೆ.